ಗಿರವಿ ಅಂಗಡಿಯ ಒಡವೆ: ಉಳಿಯುವುದು ಮಜೂರಿ, ಚಿನ್ನವಲ್ಲ

ಪ್ರಶ್ನೆ: ನಾವು ಗದಗ ಜಿಲ್ಲೆಯವರು. ಬರುವ ವೈಶಾಖದಲ್ಲಿ ಮಗಳ ಮದುವೆ ಇದೆ. ಚಿನ್ನದ ದರ ನೋಡಿದರೆ ಎದೆ ಝಲ್ಲೆನ್ನುತ್ತದೆ. ನಮ್ಮ ಊರಿನಲ್ಲಿ ಮೂರು ದಶಕಗಳಿಂದ ಗಿರವಿ ಅಂಗಡಿ ನಡೆಸುತ್ತಿರುವವರೊಬ್ಬರು ನಮಗೆ ಪರಿಚಿತರು. ಅವರ ಬಳಿ ಬಿಡಿಸಿಕೊಳ್ಳದೆ ಉಳಿದಿರುವ ಒಂದು ಜೊತೆ ಪಾಟಲಿ ಬಳೆ (ಮೂರು ತೊಲೆ) ಇದೆ. ನಾಲ್ಕು ತೊಲೆಯ, ಗುಂಡುಗಳನ್ನು ಪೋಣಿಸಿದ ಒಂದು ಬೋರಮಾಳ ಸರವೂ ಇದೆ, ಅದರ ವಾಯಿದೆ ಬರುವ ತಿಂಗಳು ಮುಗಿಯುತ್ತದಂತೆ. ಅಂದಿನ ದರಕ್ಕಿಂತ ಗ್ರಾಂಗೆ 500 ರೂಪಾಯಿ ಕಡಿಮೆ ಮಾಡಿಕೊಡುತ್ತೇನೆ, ಮಜೂರಿಯಿಲ್ಲ, ವೇಸ್ಟೇಜ್ ಇಲ್ಲ, ಬಿಲ್ ಬೇಡವೆಂದರೆ ಜಿಎಸ್‌ಟಿಯೂ ಇಲ್ಲ ಎನ್ನುತ್ತಾರೆ. ಸರಕ್ಕೆ ಈಗಲೇ 50,000 ರೂಪಾಯಿ ಮುಂಗಡ ಕೇಳಿದ್ದಾರೆ. ನಮ್ಮ ಯಜಮಾನರಿಗೆ ಮನಸ್ಸಿದೆ. ಮೈದುನ ಮಾತ್ರ, ಕಳವಿನ ಮಾಲಾಗಿದ್ದರೆ ಪೊಲೀಸರು ಮನೆಗೆ ಬರುತ್ತಾರೆ ಎಂದು ಹೆದರಿಸುತ್ತಾನೆ. ಅತ್ತೆಯವರು, ಇನ್ನೊಬ್ಬರು ಕಣ್ಣೀರಿಟ್ಟು ಕಳೆದುಕೊಂಡ ಒಡವೆ ನಮ್ಮ ಹುಡುಗಿಯ ಮೈಮೇಲೆ ಬೇಡ ಎನ್ನುತ್ತಾರೆ. ಪತ್ರಿಕೆಯಲ್ಲಿ ಬರುವ ಚಿನ್ನದ ಹರಾಜಿನಲ್ಲಿ ನಮ್ಮಂಥವರು ಕೊಳ್ಳಬಹುದೇ? ಅದೇ ಅಂಗಡಿಯಲ್ಲಿ ಮಗನಿಗೆ ಒಂದು ಮೊಬೈಲ್ ಕೂಡ ನೋಡಿದ್ದೇವೆ. ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬೆಲೆ ನಿಜವಾಗಿಯೂ ಕಡಿಮೆಯೇ, ಚಿನ್ನ ಶುದ್ಧವೇ, ನಾಳೆ ಯಾರಾದರೂ ಇದು ನಮ್ಮದು ಎಂದು ಬರುತ್ತಾರೆಯೇ, ಮತ್ತು ಇದನ್ನು ಕೊಳ್ಳುವುದು ಸರಿಯೇ. ಬ್ಯಾಂಕುಗಳಿಗೆ ಚಿನ್ನಾಭರಣ ಮೌಲ್ಯಮಾಪಕನಾಗಿ ಕೆಲಸ ಮಾಡುವ ನನ್ನ ಮುಂದೆ ಈ ಪ್ರಶ್ನೆಗಳು ಮದುವೆಯ ಹಂಗಾಮಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಮೊದಲೇ ಹೇಳಿಬಿಡುತ್ತೇನೆ: ಪಾಟಲಿಯನ್ನು ಕೆಲವು ಷರತ್ತುಗಳ ಮೇಲೆ ಕೊಳ್ಳಬಹುದು. ಬೋರಮಾಳ ಸರಕ್ಕೆ ಮಾತ್ರ ಈಗ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಸರದ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಪಾಯ ಹೆಚ್ಚಿರುವುದು ಅಲ್ಲಿ. ಗಿರವಿ ಇಟ್ಟ ಒಡವೆ ಅಂಗಡಿಯವರ ತಿಜೋರಿಯಲ್ಲಿದ್ದರೂ ಅದರ ಒಡೆತನ ಇಟ್ಟವರದೇ. ಅಂಗಡಿಯವರಿಗಿರುವುದು ಸಾಲ ತೀರುವವರೆಗೆ ಅದನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಮಾತ್ರ. ಸಾಲ ತೀರದಿದ್ದರೆ ತಕ್ಕ ಮುನ್ಸೂಚನೆ ಕೊಟ್ಟು ಅದನ್ನು ಮಾರಬಹುದು ಎಂದು 1872ರ ಭಾರತೀಯ ಕರಾರು ಅಧಿನಿಯಮದ 176ನೇ ಕಲಂ ಹೇಳುತ್ತದೆ. ಅದರ ಮುಂದಿನ ಕಲಂ ಇನ್ನೂ ಮುಖ್ಯ. ವಾಯಿದೆ ಮೀರಿದ್ದರೂ ಮಾರಾಟ ನಿಜವಾಗಿ ನಡೆಯುವ ಕ್ಷಣದವರೆಗೆ, ಇಟ್ಟವರು ಬಂದು ಅಸಲು, ಬಡ್ಡಿ ಮತ್ತು ತಡವಾದದ್ದರಿಂದ ಆದ ಖರ್ಚನ್ನು ಕೊಟ್ಟು ಒಡವೆಯನ್ನು ಬಿಡಿಸಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ ಇದರ ಜೊತೆಗೆ 1961ರ ಕರ್ನಾಟಕ ಗಿರವಿದಾರರ ಅಧಿನಿಯಮವೂ ಇದೆ. ಅದರ ಪ್ರಕಾರ ಗಿರವಿದಾರರು ಪರವಾನಗಿ ಪಡೆದಿರಬೇಕು, ಚೀಟಿ ಕೊಡಬೇಕು, ಪುಸ್ತಕ ಇಡಬೇಕು. ಬಿಡಿಸಿಕೊಳ್ಳದ ಒಡವೆಯನ್ನು ವಿಲೇವಾರಿ ಮಾಡುವ ದಾರಿ ಸಾರ್ವಜನಿಕ ಹರಾಜು. ಪರಿಚಯದವರಿಗೆ ಒಳಗಿಂದೊಳಗೇ ಕೊಟ್ಟುಬಿಡುವುದು ಆ ದಾರಿಯಲ್ಲ.

ಹೀಗಿರುವಾಗ ವಾಯಿದೆಯೇ ಮುಗಿಯದ ಸರಕ್ಕೆ ಮುಂಗಡ ಕೇಳುವುದೆಂದರೆ ತನ್ನದಲ್ಲದ್ದನ್ನು ಮಾರಲು ಹೊರಟಂತೆ. ಆ ಸರ ಇಟ್ಟ ಮನೆಯವರು ಸುಗ್ಗಿಯ ದುಡ್ಡು ಕೈಗೆ ಬಂದೊಡನೆ ಓಡಿ ಬರಬಹುದು. ಕಡೆಯ ವಾರದಲ್ಲಿ ಎಲ್ಲಿಂದಲೋ ಹೊಂದಿಸಿಕೊಂಡು ಬಂದು ಒಡವೆ ಬಿಡಿಸಿಕೊಂಡು ಹೋಗುವವರು ಕಡಿಮೆಯೇನಲ್ಲ. ಅವರು ಬಂದಾಗ ನಿಮ್ಮ ಮುಂಗಡ ಅಂಗಡಿಯವರ ಕೈಯಲ್ಲಿ ಸಿಕ್ಕಿಕೊಂಡಿರುತ್ತದೆ. ಇಲ್ಲವೇ, ನಿಮ್ಮ ಮುಂಗಡ ಪಡೆದ ಕಾರಣಕ್ಕೇ ಅವರಿಗೆ ಸುಳ್ಳು ನೆಪ ಹೇಳಿ ವಾಪಸು ಕಳುಹಿಸುವ ಆಸೆ ಅಂಗಡಿಯವರಿಗೆ ಹುಟ್ಟಬಹುದು. ಎರಡರಲ್ಲಿ ಯಾವುದೂ ನಿಮಗೆ ಬೇಕಿಲ್ಲ.

ಪಾಟಲಿಯ ಬಗ್ಗೆಯೂ ಇದೇ ಪ್ರಶ್ನೆ ಕೇಳಿ. ಅದು ಹರಾಜಿನಲ್ಲಿ ಮಾರಾಟವಾಗಿ ಈಗ ಕೊಂಡವರ ಸ್ವತ್ತಾಗಿದೆಯೇ, ಅಥವಾ ‘ಇನ್ನು ಅವರು ಬರುವುದಿಲ್ಲ’ ಎಂಬ ಅಂದಾಜಿನ ಮೇಲೆ ತೋರಿಸುತ್ತಿದ್ದಾರೆಯೇ? ವಾಯಿದೆ ಮುಗಿದ ಕೂಡಲೇ ಒಡವೆ ಅಂಗಡಿಯವರದಾಗುತ್ತದೆ ಎಂಬುದು ಜನರಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. ಒತ್ತೆ ಇಟ್ಟುಕೊಂಡವರು ಒತ್ತೆಯ ವಸ್ತುವನ್ನು ತಾವೇ ತಮಗೆ ಮಾರಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು ಷೇರುಗಳ ಒತ್ತೆಯ ಪ್ರಕರಣ, ಆದರೆ ಅಲ್ಲಿ ವಿವರಿಸಿದ್ದು ಕರಾರು ಅಧಿನಿಯಮದ ಇದೇ ಕಲಂಗಳನ್ನು. ಆದ್ದರಿಂದ ಹರಾಜಿನ ನೋಟಿಸ್ ಮತ್ತು ಹರಾಜಿನ ದಾಖಲೆಯ ಪ್ರತಿಯನ್ನು ಕೇಳಿ. ಮೂವತ್ತು ವರ್ಷ ನೇರವಾಗಿ ವ್ಯಾಪಾರ ಮಾಡಿದವರಿಗೆ ಈ ಪ್ರಶ್ನೆಯಿಂದ ಬೇಸರವಾಗಬೇಕಿಲ್ಲ, ತೋರಿಸುತ್ತಾರೆ. ‘ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ಲವೇ’ ಎಂದು ಮಾತು ತಿರುಗಿಸಿದರೆ ಎದ್ದು ಬನ್ನಿ.

ಈಗ ನಿಮ್ಮ ಮೈದುನನ ಮಾತು. ಅವರು ಸ್ವಲ್ಪ ಹೆಚ್ಚೇ ಹೆದರಿಸಿರಬಹುದು, ಆದರೆ ಹೇಳಿದ್ದರಲ್ಲಿ ಹುರುಳಿದೆ. ಗಿರವಿ ಅಂಗಡಿಗೆ ಬರುವ ಒಡವೆಗಳಲ್ಲಿ ಬಹುಪಾಲು ಕಷ್ಟಕ್ಕೆ ಬಿದ್ದ ಸಂಸಾರಸ್ಥರವು, ಕಳ್ಳರವಲ್ಲ. ಹಾಗಿದ್ದರೂ ಕದ್ದ ಚಿನ್ನ ಕೈ ಬದಲಿಸುವ ಜಾಗಗಳಲ್ಲಿ ಇದೂ ಒಂದು. ಮಾರುವವರಿಗೇ ಹಕ್ಕಿಲ್ಲದ ವಸ್ತುವಿನ ಮೇಲೆ ಕೊಂಡವರಿಗೂ ಹಕ್ಕು ಬರುವುದಿಲ್ಲ ಎಂಬುದು 1930ರ ಸರಕು ಮಾರಾಟ ಅಧಿನಿಯಮದ ಮೂಲ ನಿಯಮ. ನೀವು ಎಷ್ಟೇ ಪ್ರಾಮಾಣಿಕವಾಗಿ ಹಣ ಕೊಟ್ಟಿದ್ದರೂ ಕಳವಿನ ಮಾಲೆಂದು ಗೊತ್ತಾದರೆ ಪೊಲೀಸರು ಅದನ್ನು ವಶಪಡಿಸಿಕೊಳ್ಳುತ್ತಾರೆ, ನ್ಯಾಯಾಲಯ ಅದನ್ನು ನಿಜವಾದ ವಾರಸುದಾರರಿಗೆ ಕೊಡುತ್ತದೆ. ಆಗ ನಿಮಗೆ ಉಳಿಯುವುದು ಮಾರಿದವರಿಂದ ಹಣ ವಸೂಲಿ ಮಾಡುವ ಹಕ್ಕು. ಬಿಲ್ ಇಲ್ಲದಿದ್ದರೆ ಆ ಹಕ್ಕನ್ನು ಯಾವುದರ ಮೇಲೆ ಸಾಧಿಸುತ್ತೀರಿ?

ಜೈಲಿನ ಭಯದ ಬಗ್ಗೆ ಹೇಳುವುದಾದರೆ, ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಶಿಕ್ಷೆ ವಿಧಿಸುವುದು ಕಳವಿನ ಮಾಲೆಂದು ತಿಳಿದಿದ್ದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆದವರಿಗೆ. ಗೊತ್ತಿಲ್ಲದೆ, ನ್ಯಾಯವಾದ ಬೆಲೆ ಕೊಟ್ಟು, ರಸೀದಿ ಪಡೆದು ಕೊಂಡವರು ಅಪರಾಧಿಗಳಲ್ಲ. ಆದರೆ ಪೇಟೆಯ ದರಕ್ಕಿಂತ ತೀರಾ ಕಡಿಮೆಗೆ, ನಗದು ಕೊಟ್ಟು, ಬಿಲ್ ಇಲ್ಲದೆ ಕೊಂಡಿದ್ದರೆ ‘ನಿಮಗೆ ಅನುಮಾನ ಬರಲಿಲ್ಲವೇ’ ಎಂಬ ಪ್ರಶ್ನೆಗೆ ಉತ್ತರಿಸುವುದು ಕಷ್ಟವಾಗುತ್ತದೆ.

ಕಳವಿಗಿಂತ ನಾನು ಹೆಚ್ಚು ನೋಡಿರುವುದು ಮನೆಯೊಳಗಿನ ಜಗಳಗಳನ್ನು. ಹೆಂಡತಿಯ ಒಡವೆಯನ್ನು ಗಂಡ ಹೇಳದೆ ಇಡುತ್ತಾನೆ, ಅಕ್ಕನದನ್ನು ತಮ್ಮ ಇಡುತ್ತಾನೆ, ಪಾಲಾಗದ ಆಸ್ತಿಯ ಒಡವೆಯನ್ನು ಒಬ್ಬ ಮಗ ಇಡುತ್ತಾನೆ. ಸಣ್ಣ ಊರಿನಲ್ಲಿ ಹತ್ತಾರು ವರ್ಷ ಒಬ್ಬರ ಕೈಯಲ್ಲಿ ಕಂಡ ಪಾಟಲಿಯನ್ನು ಜನ ಗುರುತು ಹಿಡಿಯುತ್ತಾರೆ. ಅದು ನಿಮ್ಮ ಮಗಳ ಆರತಕ್ಷತೆಯ ದಿನವೇ ಆದರೆ ನಿಮಗಾಗುವ ಮುಜುಗರಕ್ಕೆ ಯಾವ ಕಾನೂನಿನಲ್ಲೂ ಪರಿಹಾರವಿಲ್ಲ. ಆದ್ದರಿಂದ ಇಟ್ಟವರೇ ಒಡವೆಯ ಒಡೆಯರು ಎಂಬುದಕ್ಕೆ ಅಂಗಡಿಯವರು ಏನು ಖಾತರಿ ಮಾಡಿಕೊಂಡಿದ್ದಾರೆ ಎಂದು ಕೇಳಲು ಸಂಕೋಚಪಡಬೇಡಿ.

ಇನ್ನು ಬೆಲೆ. ‘ಗ್ರಾಂಗೆ 500 ಕಡಿಮೆ, ಮಜೂರಿಯಿಲ್ಲ’ ಎಂಬುದು ಕೇಳಲು ಹಿತವಾಗಿದೆ. ಕೂತು ಲೆಕ್ಕ ಹಾಕೋಣ. ಸುಲಭವಾಗಲಿ ಎಂದು 22 ಕ್ಯಾರಟ್ ಚಿನ್ನದ ದರ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳುತ್ತೇನೆ, ನೀವು ಅಂದಿನ ದರ ಹಾಕಿಕೊಳ್ಳಿ. ಹೊಸ ಅಂಗಡಿಯಲ್ಲಿ 40 ಗ್ರಾಂ ಬೋರಮಾಳಕ್ಕೆ ಚಿನ್ನದ ಬೆಲೆ 4,00,000. ಮಜೂರಿ, ವೇಸ್ಟೇಜ್ ಸೇರಿ ಶೇ. 15 ಎಂದರೆ 60,000. ಅದರ ಮೇಲೆ ಶೇ. 3 ಜಿಎಸ್‌ಟಿ 13,800. ಒಟ್ಟು 4,73,800. ಗಿರವಿ ಅಂಗಡಿಯಲ್ಲಿ 40 ಗ್ರಾಂಗೆ 9,500ರಂತೆ 3,80,000. ಮೇಲ್ನೋಟಕ್ಕೆ 93,800 ರೂಪಾಯಿ ಉಳಿತಾಯ. ನಿಮ್ಮ ಯಜಮಾನರ ಮನಸ್ಸು ಅತ್ತ ವಾಲಿರುವುದು ಇದರಿಂದಲೇ ಇರಬೇಕು.

ಈಗ ಆ 40 ಗ್ರಾಂ ಎಂದರೇನು ನೋಡೋಣ. ಬೋರಮಾಳದ ಗುಂಡುಗಳು ತೆಳು ತಗಡಿನವು, ಆಕಾರ ಕೆಡದಿರಲೆಂದು ಎಷ್ಟೋ ಸರಗಳಲ್ಲಿ ಒಳಗೆ ಅರಗು ತುಂಬಿರುತ್ತಾರೆ. ದಾರವೂ ತೂಕಕ್ಕೆ ಬರುತ್ತದೆ. ಎರಡೂ ಸೇರಿ 3 ಗ್ರಾಂ ಎಂದುಕೊಂಡರೆ ಉಳಿದದ್ದು 37 ಗ್ರಾಂ. ಹಳೆಯ ಒಡವೆ ಕರಗಿಸಿದಾಗ 22 ಕ್ಯಾರಟ್ ನಿಲ್ಲುವುದು ಅಪರೂಪ. 21 ಕ್ಯಾರಟ್, ಅಂದರೆ ಶೇ. 87.5 ಶುದ್ಧತೆ ಬಂತೆನ್ನಿ. ಆ 37 ಗ್ರಾಂ, 22 ಕ್ಯಾರಟ್‌ನ (ಶೇ. 91.6) ಲೆಕ್ಕಕ್ಕೆ ತಂದರೆ 35.34 ಗ್ರಾಂ ಆಗುತ್ತದೆ. ಅದರ ಬೆಲೆ 3,53,400. ನೀವು ಕೊಟ್ಟದ್ದು 3,80,000. ಅಂದರೆ ‘ಕಡಿಮೆ ದರ’ದಲ್ಲಿ ಕೊಂಡೂ ಚಿನ್ನದ ಬೆಲೆಗಿಂತ 26,600 ರೂಪಾಯಿ ಹೆಚ್ಚೇ ಕೊಟ್ಟಿರುತ್ತೀರಿ.

ಹಾಗೆಂದು ನಷ್ಟವಾಯಿತೆಂದು ಹೇಳಲಾರೆ. ಅಷ್ಟೇ ಚಿನ್ನವಿರುವ ಹೊಸ ಸರಕ್ಕೆ ಮಜೂರಿ, ಜಿಎಸ್‌ಟಿ ಸೇರಿ ಸುಮಾರು 4,18,600 ಆಗುತ್ತಿತ್ತು. ನಿಜವಾದ ಉಳಿತಾಯ 38,600, ನೀವು ಅಂದುಕೊಂಡ 93,800 ಅಲ್ಲ. ಅದೂ ಸರವನ್ನು ಇದ್ದ ಹಾಗೆಯೇ ತೊಟ್ಟುಕೊಂಡರೆ. ಹಳೆಯ ನಮೂನೆ ಎಂದು ಮಗಳು ಮುಖ ಸಿಂಡರಿಸಿ, ಕರಗಿಸಿ ಹೊಸದು ಮಾಡಿಸಿದರೆ ಮತ್ತೆ 53,000 ಮಜೂರಿ ಕೊಡಬೇಕು. ಒಟ್ಟು 4,33,000 ದಾಟಿ, ಹೊಸ ಸರಕ್ಕಿಂತ ಹಳೆಯದೇ ದುಬಾರಿಯಾಗುತ್ತದೆ. ಆದ್ದರಿಂದ ಮೊದಲು ಮಗಳನ್ನು ಕರೆದುಕೊಂಡು ಹೋಗಿ ಪಾಟಲಿಯನ್ನು ಅವಳ ಕೈಗೆ ಹಾಕಿ ನೋಡಿ. ಅಳತೆ ಸರಿಹೋಗಿ ಅವಳಿಗೆ ಮೆಚ್ಚುಗೆಯಾದರೆ ಮಾತ್ರ ಈ ವ್ಯಾಪಾರಕ್ಕೆ ಅರ್ಥ. ಹಳೆಯ ಒಡವೆಯಲ್ಲಿ ಉಳಿಯುವುದು ಮಜೂರಿ. ಚಿನ್ನವನ್ನು ಚಿನ್ನದ ಬೆಲೆಗಿಂತ ಕಡಿಮೆಗೆ ಯಾರೂ ಕೊಡುವುದಿಲ್ಲ, ಏಕೆಂದರೆ ಯಾವ ಗಿರವಿದಾರರೂ ಅದನ್ನು ಕರಗಿಸುವವರಿಗೆ ಅದೇ ದಿನ ಹೆಚ್ಚುಕಡಿಮೆ ಪೂರ್ತಿ ಬೆಲೆಗೆ ಮಾರಬಲ್ಲರು. ಹಾಗೆ ಯಾರಾದರೂ ಕೊಡುತ್ತೇವೆಂದರೆ ತೂಕದಲ್ಲೋ ಶುದ್ಧತೆಯಲ್ಲೋ ಒಡೆತನದಲ್ಲೋ ಏನೋ ಕೊರತೆ ಇದೆ ಎಂದೇ ತಿಳಿಯಿರಿ.

ಒಂದು ಮಾತು ಮಧ್ಯದಲ್ಲಿ: ತೊಲೆಯ ಲೆಕ್ಕದಲ್ಲಿ ಮಾತಾಡಬೇಡಿ. ಹಳೆಯ ತೊಲೆ 11.66 ಗ್ರಾಂ, ಈಗ ಪೇಟೆಯಲ್ಲಿ ತೊಲೆ ಎಂದರೆ 10 ಗ್ರಾಂ. ಎಲ್ಲವನ್ನೂ ಗ್ರಾಂನಲ್ಲಿ, ನಿಮ್ಮ ಕಣ್ಣೆದುರು ತೂಗಿಸಿ.

ಶುದ್ಧತೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಮೋಸ ಹೋಗುವುದು ಇಲ್ಲೇ. ಹಳೆಯ ಒಡವೆಯ ಶುದ್ಧತೆ ಇಳಿದಿರುವುದಕ್ಕೆ ಯಾವಾಗಲೂ ಅಕ್ಕಸಾಲಿಗರ ವಂಚನೆ ಕಾರಣವಲ್ಲ. ಎರಡು ತುಂಡುಗಳನ್ನು ಬೆಸೆಯಲು ಒಡವೆಗಿಂತ ಬೇಗ ಕರಗುವ ಲೋಹ ಬೇಕು. ಹಿಂದೆ ಬೆಸುಗೆಗೆ ಚಿನ್ನದ ಜೊತೆ ತಾಮ್ರ, ಬೆಳ್ಳಿಯನ್ನು ಹೆಚ್ಚು ಸೇರಿಸುತ್ತಿದ್ದರು. ಬೆಸುಗೆಗಳು ಹೆಚ್ಚಿದಷ್ಟೂ ಇಡೀ ಒಡವೆಯ ಟಚ್, ಅಂದರೆ ಶುದ್ಧತೆ, ಇಳಿಯುತ್ತದೆ. ಗುಂಡು, ಸಣ್ಣ ಬಳೆ, ಹೂವಿನ ಕೆಲಸ ಹೆಚ್ಚಿರುವ ಒಡವೆಗಳಲ್ಲಿ ಇದು ಜಾಸ್ತಿ, ಗಟ್ಟಿ ಪಾಟಲಿಯಲ್ಲಿ ಕಡಿಮೆ. ಆಮೇಲೆ 321 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಕ್ಯಾಡ್ಮಿಯಂ ಬಳಸಿದ ಬೆಸುಗೆ ಬಂತು, ಅದೇ ‘ಕೆಡಿಎಂ’. ಬೆಸುಗೆ ಹಾಕುವಾಗ ಏಳುವ ಅದರ ಹೊಗೆ ಅಕ್ಕಸಾಲಿಗರ ಶ್ವಾಸಕೋಶಕ್ಕೆ ವಿಷ. ಇಂದಿಗೂ ಅನೇಕರು ಕೆಡಿಎಂ ಎಂದರೆ ಶುದ್ಧತೆಯ ಸರ್ಕಾರಿ ಮುದ್ರೆ ಎಂದು ತಿಳಿದಿದ್ದಾರೆ. ಅದು ಬೆಸುಗೆಯ ಒಂದು ವಿಧಾನದ ಹೆಸರು, ಅಷ್ಟೇ.

ಸರ್ಕಾರಿ ಮುದ್ರೆ ಎಂದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಹಾಲ್‌ಮಾರ್ಕ್. ಈಗಿನದರಲ್ಲಿ ತ್ರಿಕೋನದ ಬಿಐಎಸ್ ಗುರುತು, 22ಕೆ916 ಎಂಬಂಥ ಶುದ್ಧತೆ ಮತ್ತು ಅಕ್ಷರ–ಅಂಕಿಗಳ ಆರು ಸ್ಥಾನದ ಎಚ್‌ಯುಐಡಿ, ಅಂದರೆ ಪ್ರತಿ ಒಡವೆಗೂ ಬೇರೆ ಬೇರೆಯಾದ ಗುರುತಿನ ಸಂಖ್ಯೆ, ಇರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾದ ಕಡೆ ಈ ಸಂಖ್ಯೆಯಿಲ್ಲದ ಹೊಸ ಒಡವೆಯನ್ನು ಆಭರಣ ಅಂಗಡಿಗಳು ಮಾರುವಂತಿಲ್ಲ. ಗಿರವಿಯಿಂದ ಬರುವ ಹಳೆಯ ಪಾಟಲಿಯ ಮೇಲೆ ಅದು ಇರುವ ಸಂಭವ ಕಡಿಮೆ. ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿ ನೋಡಿ. ‘ಸಂಖ್ಯೆ ಸರಿಯಿದೆ’ ಎಂಬಲ್ಲಿಗೆ ನಿಲ್ಲಿಸಬೇಡಿ. ಅದು ಯಾವ ಬಗೆಯ ಒಡವೆ ಎಂದೂ ಅಲ್ಲಿ ಬರುತ್ತದೆ. ಕೈಯಲ್ಲಿರುವುದು ಬಳೆ, ಆ್ಯಪ್ ತೋರಿಸುತ್ತಿರುವುದು ಉಂಗುರ ಎಂದಾದರೆ ಆ ಮುದ್ರೆಯನ್ನು ನಂಬಬೇಡಿ.

ಮುದ್ರೆಯಿಲ್ಲದ ಒಡವೆಯನ್ನು ನಾನು ಹೇಗೆ ನೋಡುತ್ತೇನೆಂದು ಹೇಳುತ್ತೇನೆ. ಸರವನ್ನು ದೀಪದ ಕೆಳಗೆ ಹಿಡಿದು ಮಸೂರದಲ್ಲಿ ಗುಂಡಿನ ತೂತಿನ ಅಂಚನ್ನು ನೋಡುತ್ತೇನೆ. ದಾರ ಉಜ್ಜಿ ಉಜ್ಜಿ ಸವೆದ ಆ ಅಂಚಿನಲ್ಲಿ ಮೇಲಿನ ಪದರ ಕಳಚಿದ್ದರೆ ಒಳಗಿನ ಬೆಳ್ಳಿಯ ಬಿಳುಪೋ ತಾಮ್ರದ ಕೆಂಪೋ ಕಾಣುತ್ತದೆ. ಕೊಂಡಿಯನ್ನು ಮಾತ್ರ ಒರೆಗೆ ಹಚ್ಚಿ ತೃಪ್ತಿಪಡುವವರು ಮೋಸ ಹೋಗುತ್ತಾರೆ. ಎಲ್ಲರೂ ಪರೀಕ್ಷಿಸುವುದು ಕೊಂಡಿಯನ್ನೇ ಎಂದು ಗೊತ್ತಿರುವ ನಕಲಿಯವರು ಕೊಂಡಿಯನ್ನು ಅಪ್ಪಟ 22 ಕ್ಯಾರಟ್‌ನಲ್ಲೇ ಮಾಡಿಸಿರುತ್ತಾರೆ. ಆದ್ದರಿಂದ ಮೂರು ನಾಲ್ಕು ಕಡೆ ಉಜ್ಜಿ, ಒರೆಗಲ್ಲಿನ ಮೇಲೆ ಪಕ್ಕದಲ್ಲಿ ಶುದ್ಧತೆ ಗೊತ್ತಿರುವ ಕಡ್ಡಿಯ ಗೆರೆ ಎಳೆದು, ಆಸಿಡ್ ಹನಿ ಬಿಟ್ಟು ಎರಡೂ ಗೆರೆಗಳನ್ನು ಹೋಲಿಸಬೇಕು. ಕಲಬೆರಕೆ ಹೆಚ್ಚಿದ್ದರೆ ಗೆರೆ ನೋಡನೋಡುತ್ತ ಮಂಕಾಗುತ್ತದೆ.

ಪಾಟಲಿಯಂಥ ಗಟ್ಟಿ ಒಡವೆಗೆ ನೀರಿನ ಪರೀಕ್ಷೆ ಬಹಳ ಒಳ್ಳೆಯದು. 30 ಗ್ರಾಂನ 22 ಕ್ಯಾರಟ್ ಪಾಟಲಿಯನ್ನು ದಾರದಲ್ಲಿ ತೂಗುಬಿಟ್ಟು ನೀರಿನಲ್ಲಿ ಮುಳುಗಿಸಿ ತೂಗಿದರೆ ತೂಕ ಸುಮಾರು 1.7 ಗ್ರಾಂ ಇಳಿಯಬೇಕು. ಒಳಗೆಲ್ಲ ಬೆಳ್ಳಿಯಿದ್ದು ಮೇಲಷ್ಟೇ ಚಿನ್ನವಿದ್ದರೆ 2.8ರ ಆಸುಪಾಸು ಇಳಿಯುತ್ತದೆ. ಅರಗು ತುಂಬಿದ ಅಥವಾ ಟೊಳ್ಳು ಒಡವೆಗೆ ಈ ಪರೀಕ್ಷೆ ನಡೆಯದು. ಅಂಗಡಿಗಳಲ್ಲಿ ಈಗ ಕಾಣುವ, ಎಕ್ಸ್-ಕಿರಣದಿಂದ ಶುದ್ಧತೆ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದ ಚೀಟಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದು ಓದುವುದು ಮೇಲ್ಮೈಯ ಕೆಲವೇ ಮೈಕ್ರಾನ್ ಆಳವನ್ನು. ದಪ್ಪನೆಯ ಚಿನ್ನದ ಲೇಪವಿದ್ದರೆ ಯಂತ್ರ ಲೇಪವನ್ನೇ ಅಳೆದು 22 ಕ್ಯಾರಟ್ ಎಂದು ಚೀಟಿ ಕೊಡುತ್ತದೆ.

ನೀವು ಇದನ್ನೆಲ್ಲ ಸ್ವತಃ ಮಾಡಬೇಕಿಲ್ಲ. ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರಗಳು ಸಾರ್ವಜನಿಕರ ಒಡವೆಯನ್ನೂ ಪರೀಕ್ಷಿಸಿ ವರದಿ ಕೊಡುತ್ತವೆ, ಶುಲ್ಕ ಕೆಲವು ನೂರು ರೂಪಾಯಿ. ಕೇಂದ್ರಗಳ ಪಟ್ಟಿ ಬಿಐಎಸ್ ಜಾಲತಾಣದಲ್ಲಿದೆ, ನಿಮಗೆ ಹತ್ತಿರದ ದೊಡ್ಡ ಪೇಟೆ ಹುಬ್ಬಳ್ಳಿ. ಅಂಗಡಿಯವರನ್ನೋ ಅವರ ಕಡೆಯವರನ್ನೋ ಜೊತೆಯಲ್ಲಿ ಕರೆದುಕೊಂಡೇ ಹೋಗಿ, ಹಣ ಕೊಡುವ ಮೊದಲೇ ಹೋಗಿ. ವರದಿ ಬಂದ ಮೇಲೆ ನಿವ್ವಳ ತೂಕ ಮತ್ತು ಶುದ್ಧತೆಯ ಮೇಲೆ ಚಿನ್ನದ ಬೆಲೆ ಕಟ್ಟಿ. ಅದರ ಮೇಲೆ ಅಂಗಡಿಯವರಿಗೆ ಶೇ. 3ರಿಂದ 5ರಷ್ಟು ಲಾಭ ಬಿಡುವುದು ನನ್ನ ದೃಷ್ಟಿಯಲ್ಲಿ ನ್ಯಾಯ. ಗ್ರಾಂಗೆ ಎಷ್ಟು ಕಡಿಮೆ ಎಂಬ ಚೌಕಾಸಿಗಿಂತ ಇದು ಇಬ್ಬರಿಗೂ ಒಳ್ಳೆಯದು.

ಹರಾಜಿನ ಬಗ್ಗೆ ಕೇಳಿದ್ದೀರಿ. ಕೊಳ್ಳಬಹುದು. ಒಡೆತನದ ದೃಷ್ಟಿಯಿಂದ ಗಿರವಿ ಅಂಗಡಿಗಿಂತ ಅದು ಭದ್ರ, ಏಕೆಂದರೆ ನೋಟಿಸ್, ಪತ್ರಿಕಾ ಪ್ರಕಟಣೆ, ರಸೀದಿ ಎಲ್ಲ ಇರುತ್ತವೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರೊಳಗೆ ಪಾಲಿಸಬೇಕಾದ ನಿರ್ದೇಶನದ ಪ್ರಕಾರ ಹರಾಜಿನ ಕನಿಷ್ಠ ಬೆಲೆ ಚಿನ್ನದ ಆಗಿನ ಮೌಲ್ಯದ ಶೇ. 90ಕ್ಕಿಂತ ಕಡಿಮೆ ಇರುವಂತಿಲ್ಲ. ಎರಡು ಸಲ ಹರಾಜು ವಿಫಲವಾದರೆ ಮಾತ್ರ ಶೇ. 85ಕ್ಕೆ ಇಳಿಸಬಹುದು. ಇದನ್ನು ಓದಿ ಶೇ. 10 ಕಡಿಮೆಗೆ ಸಿಗುತ್ತದೆಂದು ಲೆಕ್ಕ ಹಾಕಬೇಡಿ, ಕೂಗು ಶುರುವಾಗುವ ಬೆಲೆ ಅದು. ಅಲ್ಲಿ ಬರುವವರಲ್ಲಿ ಹೆಚ್ಚಿನವರು ಕರಗಿಸಿ ಮಾರುವ ವ್ಯಾಪಾರಿಗಳು. ಅವರ ಕಣ್ಣಳತೆ ಪಳಗಿದ್ದು, ಕರಗಿಸಿದರೆ ಬರುವ ಬೆಲೆಯ ಹತ್ತಿರ ಹತ್ತಿರ ಕೂಗುತ್ತಾರೆ. ತೊಡಲೆಂದು ಕೊಳ್ಳುವ ನೀವು ಅವರಿಗಿಂತ ಸ್ವಲ್ಪ ಮೇಲೆ ಕೂಗಿದರೂ ಮಜೂರಿಯ ಉಳಿತಾಯ ಉಳಿದೀತು.

ತೊಡಕುಗಳೂ ಇವೆ. ಫೈನಾನ್ಸ್ ಕಂಪನಿಗಳು ಎಷ್ಟೋ ಸಲ ಹತ್ತಾರು ಸಾಲಗಳ ಒಡವೆಯನ್ನು ಒಟ್ಟಿಗೆ ಕೂಗಿಸುತ್ತವೆ, ಒಂದು ಜೊತೆ ಪಾಟಲಿ ಬೇಕಾದವರಿಗೆ ಅಲ್ಲಿ ಜಾಗವಿಲ್ಲ. ಠೇವಣಿ ಮೊದಲೇ ಕಟ್ಟಬೇಕು, ಉಳಿದ ಹಣವನ್ನು ಹೇಳಿದ ದಿನದೊಳಗೆ ಕೊಡದಿದ್ದರೆ ಠೇವಣಿ ಹೋಗುತ್ತದೆ. ಒಡವೆ ಇದ್ದದ್ದು ಇದ್ದ ಹಾಗೆ, ಆಮೇಲೆ ತಕರಾರಿಲ್ಲ ಎಂಬುದು ಸಾಮಾನ್ಯ ಷರತ್ತು. ಸಾಲ ಪಡೆದವರು ಹರಾಜಿನ ಬೆಳಿಗ್ಗೆ ಬಂದು ಬಿಡಿಸಿಕೊಂಡರೆ ಆ ಒಡವೆ ಪಟ್ಟಿಯಿಂದ ಹೊರಬೀಳುತ್ತದೆ. ಮದುವೆಯ ದಿನ ಗೊತ್ತಾಗಿರುವವರು ಇದನ್ನೇ ನೆಚ್ಚಿ ಕೂರಬಾರದು. ನಿಮ್ಮ ಊರಿನ ಬ್ಯಾಂಕ್ ಶಾಖೆ ಒಡವೆಗಳನ್ನು ಬಿಡಿಬಿಡಿಯಾಗಿ ಹರಾಜು ಹಾಕುವುದಾದರೆ ಮಾತ್ರ ಪ್ರಯತ್ನಿಸಿ. ಹಿಂದಿನ ದಿನ ನೋಡಲು ಬಿಡುತ್ತಾರೆಯೇ ಎಂದು ವಿಚಾರಿಸಿ.

ನನ್ನನ್ನು ಕೇಳಿದರೆ ಇದಕ್ಕಿಂತ ನೆಮ್ಮದಿಯ ದಾರಿ ಇನ್ನೊಂದಿದೆ. ಗಿರಾಕಿಗಳಿಂದ ಹಳೆಯ ಒಡವೆ ಕೊಂಡು, ತೊಳೆದು ಹೊಳಪು ಕೊಟ್ಟು ಮಾರುವ ಸರಾಫರು ದೊಡ್ಡ ಪೇಟೆಗಳಲ್ಲಿದ್ದಾರೆ. ಅಂಥ ಮಾರಾಟದಲ್ಲಿ ಒಡವೆಯ ರೂಪ ಬದಲಿಸದಿದ್ದರೆ, ಕೊಂಡ ಮತ್ತು ಮಾರಿದ ಬೆಲೆಗಳ ನಡುವಿನ ಅಂತರಕ್ಕೆ ಮಾತ್ರ ಜಿಎಸ್‌ಟಿ ಎಂದು ಜಿಎಸ್‌ಟಿಯ ಬಗ್ಗೆ ವ್ಯಾಪಾರಿಗಳ ಸಂದೇಹಗಳಿಗೆ ಮೊದಲೇ ತೀರ್ಪು ಕೊಡುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2021ರಲ್ಲಿ ಹೇಳಿತು. ಅಂತರ 20,000 ಆದರೆ ತೆರಿಗೆ 600 ರೂಪಾಯಿ. ಬಿಲ್ ಇಲ್ಲದೆ ಕೊಳ್ಳುವುದರಿಂದ ಎಷ್ಟು ಉಳಿಯುತ್ತದೆ, ಏನನ್ನು ಕಳೆದುಕೊಳ್ಳುತ್ತೀರಿ, ನೀವೇ ತೂಗಿ ನೋಡಿ. ಮನೆಯಲ್ಲಿ ನಿಮ್ಮದೋ ಅತ್ತೆಯವರದೋ ತೊಡದೆ ಇಟ್ಟಿರುವ ಒಡವೆ ಇದ್ದರೆ ಹಗುರ ಮಜೂರಿಯ ಸಾದಾ ನಮೂನೆಗೆ ಬದಲಿಸುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನದು.

ಅತ್ತೆಯವರ ಮಾತನ್ನು ಮೂಢನಂಬಿಕೆ ಎಂದು ನಾನು ತಳ್ಳಿಹಾಕುವುದಿಲ್ಲ. ಬ್ಯಾಂಕಿನಲ್ಲಿ ಒಡವೆ ಬಿಚ್ಚಿ ನನ್ನ ತಕ್ಕಡಿಗೆ ಹಾಕುವ ಹೆಂಗಸರ ಮುಖ ನೋಡಿದವನು ನಾನು. ಆದರೆ ಅವರಿಗೆ ಇದೊಂದನ್ನು ತಿಳಿಸಿ: ಒಡವೆ ಕ್ರಮವಾಗಿ ಹರಾಜಾದಾಗ ಸಾಲ, ಬಡ್ಡಿ, ಖರ್ಚು ಕಳೆದು ಉಳಿದ ಹಣ ಒಡವೆ ಇಟ್ಟವರಿಗೆ ಸೇರಬೇಕು, ಇದು ಕಾನೂನು. ಎರಡು ಲಕ್ಷ ಸಾಲಕ್ಕೆ ಇಟ್ಟ ಸರ ಮೂರೂವರೆ ಲಕ್ಷಕ್ಕೆ ಹೋದರೆ ಬಡ್ಡಿ ಕಳೆದು ಉಳಿದದ್ದು ಆ ಮನೆಗೆ ಹೋಗುತ್ತದೆ. ಅಲ್ಲಿ ಒಳ್ಳೆಯ ಬೆಲೆ ಕೊಟ್ಟು ಕೊಂಡವರು ಆ ಮನೆಯವರಿಗೆ ಉಪಕಾರವನ್ನೇ ಮಾಡಿರುತ್ತಾರೆ. ಅನ್ಯಾಯವಾಗುವುದು, ಹರಾಜೇ ಇಲ್ಲದೆ ಒಳಗಿಂದೊಳಗೇ ಕೈ ಬದಲಿಸಿ ಆ ಹೆಚ್ಚುವರಿ ಹಣ ಅಂಗಡಿಯಲ್ಲೇ ಉಳಿದಾಗ. ನಿಮ್ಮ ಅತ್ತೆಯವರ ಅಳುಕಿಗೂ ಕಾನೂನಿಗೂ ಇಲ್ಲಿ ಭೇದವಿಲ್ಲ, ಎರಡೂ ಕೇಳುತ್ತಿರುವುದು ಒಂದೇ ಪ್ರಶ್ನೆ. ಇಷ್ಟು ಹೇಳಿದ ಮೇಲೂ ಅವರ ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡಿ. ಮೂವತ್ತು ನಲವತ್ತು ಸಾವಿರಕ್ಕಾಗಿ ಮದುವೆ ಮನೆಯಲ್ಲಿ ಹಿರಿಯರ ಮನಸ್ಸು ಮುರಿಯುವುದು ಬೇಡ.

ಪಾಟಲಿ ಕೊಳ್ಳುವುದೆಂದೇ ತೀರ್ಮಾನಿಸಿದರೆ ಅಂಗಡಿಯವರ ಗಿರವಿದಾರ ಪರವಾನಗಿ ಚಾಲ್ತಿಯಲ್ಲಿದೆಯೇ ನೋಡಿ, ಅದನ್ನು ಕೊಡುವುದು ಸಹಕಾರ ಇಲಾಖೆಯ ಅಧಿಕಾರಿಗಳು. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಬಿಲ್ಲಿನಲ್ಲಿ ‘ಹಳೆಯ ಒಡವೆ’ ಎಂದಷ್ಟೇ ಬರೆಸಿಕೊಂಡು ಬರಬೇಡಿ. ಪಾಟಲಿಯ ನಮೂನೆ, ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ, ಯಾವ ದಿನದ ಹರಾಜಿನದು, ಒಡೆತನದ ತಕರಾರು ಬಂದರೆ ಪೂರ್ತಿ ಹಣ ಹಿಂದಿರುಗಿಸುತ್ತೇನೆ ಎಂಬ ಮಾತು, ಸಹಿ, ಮೊಹರು ಇಷ್ಟೂ ಇರಲಿ. ಪರೀಕ್ಷಾ ವರದಿಯನ್ನೂ ಪಾಟಲಿಯ ಫೋಟೊವನ್ನೂ ಬಿಲ್ ಜೊತೆಗೇ ಇಡಿ, ಮಗಳು ಮುಂದೊಮ್ಮೆ ಅದನ್ನು ಬ್ಯಾಂಕಿನಲ್ಲಿ ಇಡಬೇಕಾಗಿ ಬಂದರೂ ಉಪಯೋಗಕ್ಕೆ ಬರುತ್ತವೆ.

ಮೊಬೈಲ್ ಬಗ್ಗೆ ನನ್ನ ಅನುಭವ ಚಿನ್ನದಷ್ಟಿಲ್ಲ, ಆದರೆ ಒಡೆತನದ ನಿಯಮ ಎರಡಕ್ಕೂ ಒಂದೇ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಗಳ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ಸಂಖ್ಯೆ, ಕಾಣುತ್ತದೆ. ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳನ್ನು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಕಳುಹಿಸಿ, ದೂರಸಂಪರ್ಕ ಇಲಾಖೆಯ ವ್ಯವಸ್ಥೆಯಿಂದ ಉತ್ತರ ಬರುತ್ತದೆ. ಕಪ್ಪುಪಟ್ಟಿಯಲ್ಲಿದೆ ಎಂದೋ, ಒಂದೇ ಸಂಖ್ಯೆ ಹಲವು ಫೋನುಗಳಲ್ಲಿದೆ ಎಂದೋ ಬಂದರೆ ಆ ಫೋನ್ ಬೇಡ. ಸರಿಯಿದೆ ಎಂದು ಬಂದರೂ ಹಳೆಯ ಮಾಲೀಕರ ಖಾತೆಯಿಂದ ಅದನ್ನು ಬಿಡಿಸಿ, ಪೂರ್ತಿ ಅಳಿಸಿ, ನಿಮ್ಮ ಮಗನ ಸಿಮ್ ಹಾಕಿ ಅಂಗಡಿಯಲ್ಲೇ ಚಾಲೂ ಮಾಡಿಸಿಕೊಳ್ಳಿ.